ಪದಚರ್ಚೆ: ಗ್ರೀಕರ ‘ನೋಮೋಸ್’ ಪದಕ್ಕೆ ಕನ್ನಡವೇನು? (ತಿಮೊಥೆಯನ ಹನ್ನೊಂದು ತಂತಿಗಳನ್ನು ಮುಂದಿಟ್ಟುಕೊಂಡು)

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಮೂರು ವಾರಗಳಿಂದ ಒಂದೇ ಪದದ ಮುಂದೆ ನಿಂತಿದ್ದೇನೆ. ಹಳೆಯ ಗ್ರೀಕ್ ಸಂಗೀತಗಾರರ ಬಗ್ಗೆ ಕನ್ನಡದಲ್ಲಿ ಒಂದು ಬರಹಮಾಲೆ ಸಿದ್ಧಪಡಿಸುತ್ತಿದ್ದೇನೆ. ಮೊದಲನೆಯದು ಮಿಲೇಟಸ್ ಊರಿನ ತಿಮೊಥೆಯನ ಕುರಿತದ್ದು. ಅವನ ಬದುಕು, ಅವನಿಗೆ ಬಂದ ಕೆಟ್ಟ ಹೆಸರು, ಆಮೇಲೆ ಬಂದ ಒಳ್ಳೆಯ ಹೆಸರು ಎಲ್ಲವೂ ‘ನೋಮೋಸ್’ ಎಂಬ ಒಂದು ಪದವನ್ನು ಸುತ್ತಿಕೊಂಡಿವೆ. ಗ್ರೀಕಿನಲ್ಲಿ ನೋಮೋಸ್ ಎಂದರೆ ಕಾನೂನು, ಊರಿನ ರೂಢಿ. ಅದೇ ಪದಕ್ಕೆ ಹಾಡಿನ ಒಂದು ಬಗೆ ಎಂಬ ಅರ್ಥವೂ ಇದೆ. ಒಬ್ಬನೇ ಗಾಯಕ ತಾನೇ ವಾದ್ಯ ನುಡಿಸುತ್ತ, ಸ್ಪರ್ಧೆಯ ವೇದಿಕೆಯಲ್ಲಿ ನಿಂತು ಹಾಡುವ ನೀಳವಾದ ಕಥನಗೀತ ಅದು. ತಿಮೊಥೆಯ ನೋಮೋಸ್ ಹಾಡುತ್ತಿದ್ದವನು. ಅವನ ಮೇಲಿದ್ದ ದೂರೂ ನೋಮೋಸ್ ಕೆಡಿಸಿದ ಎಂಬುದೇ. ಈ ಎರಡನ್ನೂ ಹೊರುವ ಒಂದೇ ಕನ್ನಡ ಪದ ಬೇಕು. ಎರಡು ಪದಗಳಾಗಿ ಒಡೆದರೆ ಅವನ ಕಥೆಯೇ ಒಡೆದುಹೋಗುತ್ತದೆ.

ಮೊದಲು ಹೆಸರಿನ ಮಾತು. ಇಂಗ್ಲಿಷಿನ ದಾರಿಯಲ್ಲಿ ಬಂದರೆ ಟಿಮೋಥಿಯಸ್, ಗ್ರೀಕನ್ನೇ ಹಿಡಿದರೆ ತಿಮೋಥೆಯೋಸ್. ಕನ್ನಡ ಬೈಬಲಿನಲ್ಲಿ ಇದೇ ಹೆಸರಿನ ಬೇರೊಬ್ಬ ವ್ಯಕ್ತಿ ಬಹುಕಾಲದಿಂದ ತಿಮೊಥೆಯನಾಗಿದ್ದಾನೆ. ತಿಮೊಥೆಯನು, ತಿಮೊಥೆಯನನ್ನು, ತಿಮೊಥೆಯನಿಗೆ ಎಂದು ವಿಭಕ್ತಿಗಳು ಸಲೀಸಾಗಿ ಹತ್ತುತ್ತವೆ. ಆದ್ದರಿಂದ ಆ ರೂಪವನ್ನೇ ಇಟ್ಟುಕೊಂಡಿದ್ದೇನೆ. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಒಂದು ಗೊಂದಲವನ್ನೂ ಇಲ್ಲೇ ತೆಗೆದುಹಾಕುತ್ತೇನೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ತಿಮೊಥೆಯ ಎಂದ ಕೂಡಲೇ ಅಲೆಕ್ಸಾಂಡರನ ಔತಣದಲ್ಲಿ ನುಡಿಸಿ ಅವನ ಮನಸ್ಸನ್ನು ಕುಣಿಸಿದ ಸಂಗೀತಗಾರ ನೆನಪಾಗುತ್ತಾನೆ. ಡ್ರೈಡನ್ 1697ರಲ್ಲಿ ಬರೆದ ಕವಿತೆಯಿಂದ ಬಂದ ನೆನಪು ಅದು. ಆ ಕಥೆಯ ಮೂಲದಲ್ಲಿರುವವನು ಥೀಬ್ಸ್ ಊರಿನ ಊದುವವನು, ಬೇರೆ ತಿಮೊಥೆಯ. ಬೇರೆ ಗುರುವಿನಲ್ಲಿ ಕಲಿತು ಬಂದ ಶಿಷ್ಯರಿಗೆ ಕಲಿತದ್ದನ್ನು ಮರೆಸುವ ಕೆಲಸವೂ ಇದೆ ಎಂದು ಎರಡು ಪಟ್ಟು ಶುಲ್ಕ ಕೇಳುತ್ತಿದ್ದ ಎಂಬ ಕಥೆಯನ್ನೂ ರೋಮಿನ ಕ್ವಿಂಟಿಲಿಯನ್ ಹೇಳುವುದು ಊದುವ ತಿಮೊಥೆಯನ ಬಗ್ಗೆಯೇ. ನಮ್ಮವನು ತಂತಿವಾದ್ಯದವನು. ಕ್ರಿ.ಪೂ. 450ರ ಆಸುಪಾಸಿನಲ್ಲಿ, ಇಂದಿನ ಟರ್ಕಿಯ ಪಡುಕರಾವಳಿಯಲ್ಲಿದ್ದ ಮಿಲೇಟಸ್‌ನಲ್ಲಿ ಹುಟ್ಟಿದವನು. ಪಾರೋಸ್ ದ್ವೀಪದ ಕಲ್ಲುಬರಹದ ಪ್ರಕಾರ ತೊಂಬತ್ತು ವರ್ಷ ಬದುಕಿದ. ಅಲೆಕ್ಸಾಂಡರ್ ಹುಟ್ಟುವ ಹೊತ್ತಿಗೆ ಇವನ ಆಯುಸ್ಸು ಮುಗಿಯುತ್ತ ಬಂದಿತ್ತು, ಇಲ್ಲವೇ ಮುಗಿದಿತ್ತು.

ಇನ್ನು ವಾದ್ಯ. ಗ್ರೀಕಿನಲ್ಲಿ ಅದು ಕಿಥಾರ. ರೂಢಿಯಲ್ಲಿ ಅದಕ್ಕೆ ಏಳು ತಂತಿ. ತಿಮೊಥೆಯ ಅದನ್ನು ಹನ್ನೊಂದಕ್ಕೆ ಏರಿಸಿದ, ಸ್ಪಾರ್ಟಾ ಎಂಬ ಗ್ರೀಕ್ ನಗರದವರು ಹೆಚ್ಚಿನ ತಂತಿಗಳನ್ನು ಕತ್ತರಿಸಲು ಹೊರಟರು ಎಂಬುದು ಕಥೆ. ಅನುವಾದಗಳಲ್ಲಿ ಇದನ್ನು ‘ವೀಣೆ’ ಎಂದು ಬರೆದುಬಿಡುವುದು ನಮ್ಮ ರೂಢಿ. ತಿಮೊಥೆಯನ ವಿಷಯದಲ್ಲಿ ಇದು ತಪ್ಪು ಎಂದು ನಾನು ಬಲವಾಗಿ ನಂಬಿದ್ದೇನೆ. ನಮ್ಮ ಇಂದಿನ ವೀಣೆಯಲ್ಲಿ ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಇಪ್ಪತ್ತನಾಲ್ಕು ಮೆಟ್ಟಿಲುಗಳ ಮೇಲೆ ಬೆರಳು ಓಡಿಸಿ ಒಂದೇ ತಂತಿಯಲ್ಲಿ ಎಲ್ಲ ಸ್ವರಗಳನ್ನೂ ಹುಟ್ಟಿಸಬಹುದು, ತಂತಿಯನ್ನು ಎಳೆದು ಗಮಕ ತರಬಹುದು. ಕಿಥಾರದಲ್ಲಿ ಮೆಟ್ಟಿಲುಗಳೇ ಇಲ್ಲ. ಮರದ ಪೆಟ್ಟಿಗೆ, ಅದರಿಂದ ಮೇಲಕ್ಕೆದ್ದ ಎರಡು ತೋಳು, ತೋಳುಗಳ ನಡುವೆ ಅಡ್ಡಪಟ್ಟಿ, ಅಲ್ಲಿಂದ ಇಳಿಬಿದ್ದ ಕರುಳಿನ ತಂತಿಗಳು. ಬಲಗೈಯ ಮೀಟುಕಡ್ಡಿ ಎಲ್ಲ ತಂತಿಗಳನ್ನೂ ಸವರುತ್ತದೆ, ಎಡಗೈಯ ಬೆರಳುಗಳು ಬೇಡದ ತಂತಿಗಳನ್ನು ಮುಟ್ಟಿ ಸುಮ್ಮನಾಗಿಸುತ್ತವೆ. ಒಂದು ತಂತಿಗೆ ಮುಖ್ಯವಾಗಿ ಒಂದು ಸ್ವರ. ಏಳು ತಂತಿಯೆಂದರೆ ಏಳು ಸ್ವರ. ನಾಲ್ಕು ತಂತಿ ಹೆಚ್ಚಿಸಿದರೆ ನಾಲ್ಕು ಹೊಸ ಸ್ವರಗಳು ಕೈಗೆ ಬರುತ್ತವೆ. ಹಾಡಿನ ನಡುವೆ ಒಂದು ಶ್ರುತಿಯಿಂದ ಇನ್ನೊಂದಕ್ಕೆ ಜಾರುವ ದಾರಿ ತೆರೆಯುತ್ತದೆ. ‘ತಿಮೊಥೆಯ ವೀಣೆಗೆ ನಾಲ್ಕು ತಂತಿ ಸೇರಿಸಿದ, ಸ್ಪಾರ್ಟಾದವರು ಸಿಟ್ಟಾದರು’ ಎಂದು ಬರೆದರೆ ಕನ್ನಡದ ಓದುಗರಿಗೆ ಸಿಟ್ಟಿಗೆ ಕಾರಣವೇ ತಿಳಿಯುವುದಿಲ್ಲ.

ವೀಣೆ ಎಂಬ ಪದಕ್ಕೂ ಹಿಂದೆ ಬೇರೆ ರೂಪವಿತ್ತು. ಸಮುದ್ರಗುಪ್ತನ ನಾಣ್ಯದಲ್ಲಿ ಅರಸ ತೊಡೆಯ ಮೇಲಿಟ್ಟುಕೊಂಡಿರುವುದು ಬಿಲ್ಲಿನಾಕಾರದ, ಮೆಟ್ಟಿಲಿಲ್ಲದ ವೀಣೆ. ಭರತನ ನಾಟ್ಯಶಾಸ್ತ್ರದಲ್ಲಿ ಏಳು ತಂತಿಯದು ಚಿತ್ರಾ, ಒಂಬತ್ತು ತಂತಿಯದು ವಿಪಂಚಿ. ಏಳರಿಂದ ಒಂಬತ್ತಕ್ಕೆ ಹೋದಾಗ ಭರತ ಹೊಸ ಹೆಸರು ಕೊಟ್ಟ, ಸ್ಪಾರ್ಟಾದವರು ಚಾಕು ತೆಗೆದರು ಎಂದು ಬರೆಯುವ ಆಸೆಯಾಯಿತು. ಆದರೆ ವಿಪಂಚಿ ಈಗ ಬರಿಯ ಕಾವ್ಯದ ಪದ, ಓದುಗರ ಕಣ್ಣ ಮುಂದೆ ಯಾವ ವಾದ್ಯವನ್ನೂ ತರುವುದಿಲ್ಲ. ನುಡಿಸುವ ಬಗೆಯಲ್ಲಿ ಹತ್ತಿರದ್ದು ಸ್ವರಮಂಡಲ. ಅದರಲ್ಲೂ ಒಂದು ತಂತಿಗೆ ಒಂದು ಸ್ವರ. ಧಾರವಾಡದ ಕಡೆಯ ಹಿಂದೂಸ್ತಾನಿ ಕೇಳುಗರು ಅದನ್ನು ಮಡಿಲಲ್ಲಿಟ್ಟುಕೊಂಡು ತಾವೇ ಮೀಟುತ್ತ ಹಾಡುವ ಗಾಯಕರನ್ನು ಬಲ್ಲರು. ಆದರೂ ನಾನು ‘ಕಿನ್ನರಿ’ಯ ಕಡೆ ವಾಲಿದ್ದೇನೆ. ಬೈಬಲ್ ಅನುವಾದದಲ್ಲಿ ದಾವೀದನ ವಾದ್ಯಕ್ಕೆ ಕಿನ್ನರಿ ಎಂಬ ಪದ ನಿಂತುಬಿಟ್ಟಿದೆ. ಕಿನ್ನರಿ ಬೊಮ್ಮಯ್ಯನಿಂದ ಹಿಡಿದು ಊರೂರು ಸುತ್ತುವ ಕಿನ್ನರಿ ಜೋಗಿಗಳವರೆಗೆ, ನುಡಿಸುತ್ತ ಹಾಡುವವನ ಚಿತ್ರ ಆ ಪದದಲ್ಲೇ ಇದೆ. ನಮ್ಮ ನಾಡಿನ ಕಿನ್ನರಿಗೆ ಮೆಟ್ಟಿಲುಗಳಿವೆ ಎಂಬ ಆಕ್ಷೇಪ ಸರಿಯೇ. ಮೊದಲ ಸಲ ಬಂದಾಗ ವಾದ್ಯದ ರಚನೆಯನ್ನು ನಾಲ್ಕು ಸಾಲಿನಲ್ಲಿ ವಿವರಿಸಿ ಮುಂದೆ ಕಿನ್ನರಿ ಎಂದೇ ಬರೆಯುತ್ತೇನೆ. ಒಪ್ಪದವರು ತಿಳಿಸಿ.

ಗ್ರೀಕರ ಆವ್ಲೋಸ್ ಎಂಬುದಕ್ಕೆ ಮಾತ್ರ ದಯವಿಟ್ಟು ಕೊಳಲು ಎನ್ನಬೇಡಿ. ಅದು ಪೀಪಿ ಇಟ್ಟು ಊದುವ ಜೋಡಿ ನಳಿಗೆ, ಓಲಗದ ಜಾತಿಯದು.

ಈಗ ನೋಮೋಸ್‌ಗೆ ಬರುತ್ತೇನೆ. ಪದದ ಬೇರು ನೆಮೆಯಿನ್, ಎಂದರೆ ಹಂಚು, ಪಾಲು ಮಾಡು. ಯಾರಿಗೆ ಏನು ಸಲ್ಲಬೇಕೋ ಅದು ಹಂಚಿಕೆಯಾಗಿ ರೂಢಿಯಾಯಿತು, ರೂಢಿ ಕಾನೂನಾಯಿತು. ಹಾಡಿಗೆ ಈ ಹೆಸರು ಏಕೆ ಬಂತು ಎಂಬುದನ್ನು ಗ್ರೀಕರೇ ಬಗೆಬಗೆಯಾಗಿ ಹೇಳಿದ್ದಾರೆ. ಗ್ರೀಕ್ ಲೇಖಕ ಪ್ಲುಟಾರ್ಕನ ಹೆಸರಿನಲ್ಲಿ ಬಂದಿರುವ ಸಂಗೀತದ ಹೊತ್ತಗೆಯಲ್ಲಿ, ಒಂದೊಂದು ಹಾಡಿಗೂ ಗೊತ್ತಾದ ಶ್ರುತಿಯಿತ್ತು, ಅದನ್ನು ಮೀರಲು ಬಿಡುತ್ತಿರಲಿಲ್ಲ, ಆದ್ದರಿಂದ ನೋಮೋಸ್ ಎಂದರು ಎಂದಿದೆ. ಅರಿಸ್ಟಾಟಲನ ಹೆಸರಿನ ‘ಸಮಸ್ಯೆಗಳು’ ಗ್ರಂಥದ ವಿವರಣೆ ನನಗೆ ಇನ್ನೂ ಇಷ್ಟ: ಬರೆಹ ತಿಳಿಯುವ ಮೊದಲು ಜನ ತಮ್ಮ ಕಾನೂನುಗಳನ್ನು ಮರೆಯದಿರಲೆಂದು ಹಾಡುತ್ತಿದ್ದರು, ಅಗಾಥಿರ್ಸಿ ಎಂಬ ಜನ ಈಗಲೂ ಹಾಗೆ ಮಾಡುತ್ತಾರೆ ಎಂದು ಅದರಲ್ಲಿದೆ. ಪ್ಲೇಟೋ ತನ್ನ ಇಳಿವಯಸ್ಸಿನಲ್ಲಿ ಬರೆದ ದೊಡ್ಡ ಗ್ರಂಥದ ಹೆಸರೇ ‘ನೋಮೊಯ್’, ಇದೇ ಪದದ ಬಹುವಚನ. ಅದರಲ್ಲಿ ಒಂದು ಕಡೆ, ನಮ್ಮ ಹಾಡುಗಳು ನೋಮೊಯ್ ಆಗಲಿ, ಅವುಗಳನ್ನು ಮೀರಿ ಯಾರೂ ದನಿಯೆತ್ತದಿರಲಿ ಎಂಬ ಅರ್ಥದ ಮಾತು ಬರುತ್ತದೆ. ಆತ ಇಲ್ಲಿ ಪದದ ಎರಡೂ ಅರ್ಥಗಳನ್ನು ಬೇಕೆಂದೇ ಒಟ್ಟಿಗೆ ಹಿಡಿದಿದ್ದಾನೆ. ಅದಕ್ಕೂ ಹಿಂದಿನ ‘ಗಣರಾಜ್ಯ’ದಲ್ಲಿ ಡಾಮೋನ್ ಎಂಬ ಸಂಗೀತಜ್ಞನ ಹೆಸರು ಹೇಳಿ, ಸಂಗೀತದ ರೀತಿಗಳು ಎಲ್ಲಿ ಅಲುಗಿದರೂ ಅದರ ಜೊತೆಗೆ ನಾಡಿನ ಅತಿ ದೊಡ್ಡ ನೋಮೊಯ್ ಅಲುಗುತ್ತವೆ ಎಂದಿದ್ದಾನೆ. ತಿಮೊಥೆಯ ಖ್ಯಾತಿಯಲ್ಲಿದ್ದ ಕಾಲದಲ್ಲೇ ಬಾಳಿದ ಪ್ಲೇಟೋ ಇದನ್ನು ಬರೆಯುವಾಗ ಯಾವ ಬಗೆಯ ಸಂಗೀತ ಅವನ ಕಿವಿಯಲ್ಲಿತ್ತು ಎಂದು ಊಹಿಸುವುದು ಕಷ್ಟವಲ್ಲ.

‘ನಿಯಮ’ ಎಂಬುದು ಮೊದಲು ಹೊಳೆದ ಪದ. ತಿಮೊಥೆಯನ ಕೃತಿಗಳನ್ನು ಎಣಿಸಿ ಕೊಟ್ಟಿರುವುದು ಹತ್ತನೆಯ ಶತಮಾನದ ‘ಸೂದಾ’ ಎಂಬ ಬೈಜಾಂಟಿಯಂ ಕೋಶ. 19 ನೋಮೊಯ್, 36 ಪೀಠಿಕಾಗೀತಗಳು, ಮೇಳದಲ್ಲಿ ಹಾಡುವ 18 ದಿಥಿರಾಂಬ್‌ಗಳು, 21 ಸ್ತುತಿಗಳು, ಇನ್ನೂ ಕೆಲವು. ‘ತಿಮೊಥೆಯ 19 ನಿಯಮಗಳನ್ನು ರಚಿಸಿದ’ ಎಂದರೆ ಯಾವುದೋ ಸಂಘದ ಕಾರ್ಯದರ್ಶಿಯಂತೆ ಕೇಳಿಸುತ್ತದೆ. ‘ರಾಗ’ ಎಂದರೆ ಪ್ಲೇಟೋನ ಮಾತು ಸತ್ತುಹೋಗುತ್ತದೆ, ಜೊತೆಗೆ ನೋಮೋಸ್ ರಾಗವೂ ಅಲ್ಲ. ‘ನೇಮ’ ನನ್ನನ್ನು ಕೆಲವು ದಿನ ಕಾಡಿತು. ನಿಯಮದ ತದ್ಭವವಾದ ಈ ಪದ ತುಳುನಾಡಿನಲ್ಲಿ ಭೂತಾರಾಧನೆಯ ಇಡೀ ಆಚರಣೆಗೇ ಹೆಸರಾಗಿದೆ. ಕಟ್ಟಳೆಯೂ ಹೌದು, ಹಾಡು ಕುಣಿತಗಳ ರಾತ್ರಿಯೂ ಹೌದು. ನೋಮೋಸ್, ನೇಮ ಎಂದು ಕಿವಿಗೂ ಹತ್ತಿರ, ಆದರೆ ಆ ಹೋಲಿಕೆ ಬರಿಯ ಕಾಕತಾಳೀಯ, ಎರಡಕ್ಕೂ ನಂಟಿಲ್ಲ. ಕರಾವಳಿಯ ಆಚೆ ಆ ಎರಡನೆಯ ಅರ್ಥ ಯಾರಿಗೂ ಕೇಳಿಸುವುದಿಲ್ಲ ಎಂದು ಮನಸ್ಸಿಲ್ಲದೆ ಕೈಬಿಟ್ಟೆ.

‘ಕಾನೂನು’ ಎಂಬ ಪದ ಹುಡುಕುವಾಗ ಸಿಕ್ಕ ಸಂಗತಿಯನ್ನು ಹಂಚಿಕೊಳ್ಳದೆ ಇರಲಾರೆ. ನಾವು ಅರಬ್ಬೀ ಪಾರಸಿಗಳ ದಾರಿಯಲ್ಲಿ ಪಡೆದ ಈ ಪದದ ತವರು ಗ್ರೀಕ್. ‘ಕನೋನ್’ ಎಂದರೆ ನೇರವಾದ ಕೋಲು, ಅಳತೆಗೋಲು, ಅಲ್ಲಿಂದ ನಿಯಮ. ಸ್ವರಗಳ ಅಳತೆಯನ್ನು ತೋರಿಸಲು ಗ್ರೀಕ್ ಶಾಸ್ತ್ರಜ್ಞರು ಬಳಸುತ್ತಿದ್ದ ಒಂದೇ ತಂತಿಯ ವಾದ್ಯಕ್ಕೂ ಅದೇ ಹೆಸರು. ಅರಬ್ಬೀ ಸಂಗೀತದಲ್ಲಿ ‘ಕಾನೂನ್’ ಇಂದಿಗೂ ಬಹುತಂತಿಗಳ ವಾದ್ಯ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ನಮ್ಮ ಸ್ವರಮಂಡಲವನ್ನು ವರ್ಣಿಸುವಾಗ ಅದು ಕಾನೂನಿನಂತಿದೆ ಎಂದಿದ್ದಾನೆ. ಕಾನೂನೂ ವಾದ್ಯವೂ ಒಂದೇ ಪದದಲ್ಲಿ! ಆದರೆ ಕನ್ನಡದ ‘ಕಾನೂನು’ ನ್ಯಾಯಾಲಯದ ಮೆಟ್ಟಿಲನ್ನು ಬಿಟ್ಟು ಇಳಿಯುವುದಿಲ್ಲ. ಅಡಿಟಿಪ್ಪಣಿಗೆ ಮಾತ್ರ ಸಲ್ಲುವ ಸಂತೋಷ ಅದು.

ಹೀಗಿರುವಾಗ ತೀರಿಕೊಂಡ ನನ್ನ ಸೋದರಮಾವನ ಒಂದು ಮಾತು ನೆನಪಾಯಿತು. ಅವರು ತಾಳಮದ್ದಳೆಗಳಲ್ಲಿ ಪದ ಹೇಳುತ್ತಿದ್ದವರು. ಒಮ್ಮೆ ಎಳೆಯ ಭಾಗವತರೊಬ್ಬರು ಸಂಗೀತ ಕಛೇರಿಯ ಹಾಗೆ ಆಲಾಪನೆ ಬೆಳೆಸಿ ಚಪ್ಪಾಳೆ ಗಿಟ್ಟಿಸಿದರು. ಮನೆಗೆ ನಡೆಯುವಾಗ ಮಾವ ಹೇಳಿದ್ದು ಇಷ್ಟೇ: ‘ಸ್ವರ ಬಂತು, ಮಟ್ಟು ಹೋಯಿತು.’ ಕೋಪವಿರಲಿಲ್ಲ, ಯಾರನ್ನೋ ಕಳೆದುಕೊಂಡ ದನಿಯಿತ್ತು.

ಮಟ್ಟು! ಯಕ್ಷಗಾನದಲ್ಲಿ ಪದ್ಯದ ಛಂದಸ್ಸಿಗೂ ತಾಳಕ್ಕೂ ಹೊಂದಿ ಪರಂಪರೆಯಿಂದ ಬಂದ ಹಾಡುವ ಬಗೆ. ಹಳೆಯ ಹಾಡಿನ ಪುಸ್ತಕಗಳಲ್ಲಿ ‘ಎಂಬ ಮಟ್ಟು’, ‘ಎಂಬ ಧಾಟಿ’ ಎಂದು ಪದ್ಯದ ತಲೆಯ ಮೇಲೆ ಅಚ್ಚಾಗಿರುತ್ತಿತ್ತು. ಅದೇ ಪದಕ್ಕೆ ಅಳತೆ, ಎಲ್ಲೆ ಎಂಬ ಅರ್ಥವೂ ಇದೆ: ನನ್ನ ಮಟ್ಟಿಗೆ, ಒಂದು ಮಟ್ಟಿಗೆ, ಅಷ್ಟರ ಮಟ್ಟಿಗೆ. ಮೀರಬಾರದ ಅಳತೆಯೇ ಹಾಡೂ ಆಗಿರುವುದು ನೋಮೋಸ್ ತಾನೆ? ‘ತಿಮೊಥೆಯ 19 ಮಟ್ಟುಗಳನ್ನು ಕಟ್ಟಿದ’ ಎಂದು ಬರೆದು ನೋಡಿದೆ, ಚೆನ್ನಾಗಿ ಕೂತಿತು. ಆದರೆ ಪ್ಲೇಟೋನ ಬಳಿಗೆ ಹೋದಾಗ ಕಾಲು ಜಾರಿತು. ‘ನಾಡಿನ ಅತಿ ದೊಡ್ಡ ಮಟ್ಟುಗಳು ಅಲುಗುತ್ತವೆ’ ಎಂದರೆ ಯಾರಿಗೂ ಕಾನೂನಿನ ನೆನಪಾಗದು.

ಈ ಹುಡುಕಾಟ ಏಕೆ ಇಷ್ಟು ಮುಖ್ಯ ಎಂಬುದಕ್ಕೆ ತಿಮೊಥೆಯನ ಮೇಲೆ ಬಂದ ದೂರುಗಳನ್ನೇ ನೋಡಬೇಕು. ಫೆರೆಕ್ರಾಟೀಸ್ ಎಂಬ ಹಾಸ್ಯನಾಟಕಕಾರ ಸಂಗೀತವನ್ನೇ ಹೆಂಗಸಾಗಿ ರಂಗಕ್ಕೆ ತಂದ. ಮೈಯೆಲ್ಲ ಗಾಯಗೊಂಡ ಅವಳು ನ್ಯಾಯದೇವತೆಯ ಮುಂದೆ ನಿಂತು, ತನಗೆ ಕಿರುಕುಳ ಕೊಟ್ಟವರ ಹೆಸರು ಒಂದೊಂದಾಗಿ ಹೇಳುತ್ತಾಳೆ. ಮೆಲನಿಪ್ಪಿಡೀಸ್, ಕಿನೇಸಿಯಸ್, ಫ್ರೂನಿಸ್ ಎಂಬ ಸಂಗೀತಗಾರರು. ಕೊನೆಗೆ, ಎಲ್ಲರನ್ನೂ ಮೀರಿಸಿದವನು ಮಿಲೇಟಸಿನ ಆ ಕೆಂಚುಗೂದಲಿನವನು, ಇರುವೆಯ ಜಾಡಿನಂತೆ ಅಡ್ಡಾದಿಡ್ಡಿ ಹರಿದಾಡುವ ಸ್ವರಗಳನ್ನು ನನ್ನ ಮೇಲೆ ಹರಿಯಬಿಟ್ಟ, ಹನ್ನೆರಡು ತಂತಿಗಳಿಂದ ನನ್ನನ್ನು ಬಿಚ್ಚಿಹಾಕಿದ ಎಂದು ಅಳುತ್ತಾಳೆ. ನಗಿಸಲು ಬರೆದದ್ದೇ ಇರಬಹುದು. ಇಂದು ಓದುವಾಗ ನನಗೆ ಆ ಹೆಂಗಸಿನ ಪಾಡು ನೋಡಿ ಸಂಕಟವೇ ಆಗುತ್ತದೆ, ಹಾಗಾಗಿ ಅನುವಾದದಲ್ಲಿ ಅದರ ಪೋಲಿ ಶ್ಲೇಷೆಗಳನ್ನು ತಗ್ಗಿಸಿದ್ದೇನೆ.

ಇಲ್ಲಿ ಇನ್ನೊಂದು ಪದ ಬರುತ್ತದೆ: ‘ಕಂಪೆ’, ಎಂದರೆ ಬಾಗು, ತಿರುವು. ಸ್ವರವನ್ನು ನೇರ ದಾರಿಯಿಂದ ಬಳುಕಿಸುವುದು. ನಮ್ಮ ಗಮಕಗಳಲ್ಲಿ ‘ಕಂಪಿತ’ ಇದೆಯಲ್ಲ ಎಂದು ಆಸೆಯಾಗುತ್ತದೆ, ಆದರೆ ಅದು ನಡುಕದ ಕಂಪ, ಬೇರೆ ಬೇರು. ಕ್ರಿ.ಪೂ. 423ರಲ್ಲಿ ಆಡಿದ ‘ಮೋಡಗಳು’ ನಾಟಕದಲ್ಲಿ ಅರಿಸ್ಟೋಫನೀಸ್, ಹಳೆಯ ಕಾಲದಲ್ಲಿ ಹುಡುಗನೊಬ್ಬ ಫ್ರೂನಿಸನ ಹಾಗೆ ಸ್ವರ ಬಾಗಿಸಿದರೆ ಬೆನ್ನಿಗೆ ಏಟು ಬೀಳುತ್ತಿತ್ತು ಎನ್ನಿಸುತ್ತಾನೆ. ಇದಕ್ಕೆ ನಾನು ‘ಕೊಂಕು’ ಎಂದಿದ್ದೇನೆ. ಕೊಂಕು ಎಂದರೆ ಬಾಗು, ಕೊಂಕು ಎಂದರೆ ಊನ. ಬೈಗುಳವಾಗಿ ಬಂದ ಪದಕ್ಕೆ ಇಷ್ಟು ತಕ್ಕದ್ದು ಬೇರೆ ಸಿಗಲಾರದು. ಫ್ರೂನಿಸನನ್ನು ಸ್ಪರ್ಧೆಯಲ್ಲಿ ಸೋಲಿಸಿದ ದಿನವನ್ನು ತಿಮೊಥೆಯನೇ ಹಾಡಿಕೊಂಡಿದ್ದಾನೆ: ಮಿಲೇಟಸಿನ ತಿಮೊಥೆಯ ಗೆದ್ದನೆಂದು ಸಾರುವವನು ಕೂಗಿದಾಗ ನೀನು ಧನ್ಯ, ಗೆದ್ದದ್ದು ಆ ‘ಅಯೋನಿಯದ ಕೊಂಕುಗಾರ’ನನ್ನು, ಎಂದು. ಮಿಲೇಟಸ್ ಇರುವ ಸೀಮೆಯೇ ಅಯೋನಿಯ, ಅಲ್ಲಿಯವನು ತಾನೇ, ತಾನೂ ಕೊಂಕಿಸುವವನೇ. ಸೋತ ಹಿರಿಯನ ಮೇಲೆ ಆ ಬೈಗುಳವನ್ನು ಎಸೆದದ್ದು ನನಗೆ ಹಿಡಿಸಲಿಲ್ಲ. ಅರಿಸ್ಟಾಟಲನ ಹೆಸರಿನಲ್ಲಿ ಬಂದ ಒಂದು ಮಾತು ಈ ಲೆಕ್ಕವನ್ನು ಸರಿಪಡಿಸುತ್ತದೆ: ತಿಮೊಥೆಯ ಇಲ್ಲದಿದ್ದರೆ ನಮಗೆ ಎಷ್ಟೋ ಹಾಡು ಇರುತ್ತಿರಲಿಲ್ಲ, ಫ್ರೂನಿಸ್ ಇಲ್ಲದಿದ್ದರೆ ತಿಮೊಥೆಯನೇ ಇರುತ್ತಿರಲಿಲ್ಲ.

ಸ್ಪಾರ್ಟಾದ ಕಥೆ ಹೀಗಿದೆ. ಏಳಕ್ಕಿಂತ ಹೆಚ್ಚಿನ ತಂತಿಗಳನ್ನು ಯಾವ ಕಡೆಯಿಂದ ಕತ್ತರಿಸಲಿ ಎಂದು ಅಲ್ಲಿನ ಎಫೋರ್ ಎಂಬ ಅಧಿಕಾರಿ ಚಾಕು ಹಿಡಿದು ಕೇಳಿದನಂತೆ. ಪ್ರವಾಸಿ ಪೌಸೇನಿಯಸ್, ತಪ್ಪಿತಸ್ಥನ ಕಿಥಾರವನ್ನು ಸ್ಪಾರ್ಟಾದ ಸ್ಕಿಯಾಸ್ ಎಂಬ ಸಭಾಭವನದಲ್ಲಿ ನೇತುಹಾಕಿದ್ದರು ಎಂದು ಬರೆದಿದ್ದಾನೆ. ಆರನೆಯ ಶತಮಾನದ ರೋಮಿನ ವಿದ್ವಾಂಸ ಬೊಯೀಥಿಯಸ್, ಪದದ ಕೊನೆಯ ‘ಸ’ಕಾರಗಳು ‘ರ’ಕಾರಗಳಾದ ಸ್ಪಾರ್ಟಾದ ಆಡುಮಾತಿನಲ್ಲಿ, ಅಧಿಕೃತ ಆಜ್ಞೆಯನ್ನೇ ಉದ್ಧರಿಸುತ್ತಾನೆ. ಆಜ್ಞೆ ಬಹಳ ಕಾಲದ ಮೇಲೆ ಯಾರೋ ಹುಟ್ಟಿಸಿದ್ದು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಇದೇ ಕಥೆ ಫ್ರೂನಿಸನ ಮೇಲೂ ಇದೆ, ಅದಕ್ಕೂ ಬಹು ಹಿಂದಿನ ಗಾಯಕ ಟೆರ್ಪಾಂಡರನ ಮೇಲೂ ಇದೆ. ತಂತಿಗಳ ಎಣಿಕೆಯೂ ಹೇಳುವವರ ಬಾಯಲ್ಲಿ ಹನ್ನೊಂದೋ ಹನ್ನೆರಡೋ ಆಗುತ್ತದೆ. ನನಗೆ ಪ್ರಿಯವಾದದ್ದು ಗ್ರೀಕ್ ಬರಹಗಾರ ಅಥೀನಿಯಸ್ ಉಳಿಸಿಕೊಟ್ಟ ಪಾಠ. ತಂತಿ ಕತ್ತರಿಸಲು ಬಂದವನಿಗೆ ತಿಮೊಥೆಯ ಅಲ್ಲೇ ಇದ್ದ ಪುಟ್ಟ ಅಪೊಲೋ ವಿಗ್ರಹವನ್ನು ತೋರಿಸಿದ. ದೇವರ ಕೈಯ ವಾದ್ಯದಲ್ಲೂ ಅಷ್ಟೇ ತಂತಿಗಳಿದ್ದವು. ಅವನನ್ನು ಬಿಟ್ಟುಬಿಟ್ಟರು.

ಸಹಸಂಗೀತಗಾರರ ನಾಲಿಗೆಯೂ ಹರಿತವಾಗಿತ್ತು. ಅವನ ಒಂದು ಹಾಡಿನಲ್ಲಿ ಬರುವ ಕಡಲ ಬಿರುಗಾಳಿಯನ್ನು ಕೇಳಿದ ಡೋರಿಯೋನ್, ಕುದಿಯುವ ಮಡಕೆಯಲ್ಲಿ ಇದಕ್ಕಿಂತ ದೊಡ್ಡ ಬಿರುಗಾಳಿ ಕಂಡಿದ್ದೇನೆ ಎಂದನಂತೆ. ಕೇಳುಗರು ಕೂಗಿ ಕೂರಿಸಿದಾಗ ಸಾಯಲು ಹೊರಟಿದ್ದ ತಿಮೊಥೆಯನಿಗೆ ಧೈರ್ಯ ಹೇಳಿದವನು ನಾಟಕಕಾರ ಯೂರಿಪಿಡೀಸ್ ಒಬ್ಬನೇ ಎಂದು ಅವನ ಜೀವನಚರಿತ್ರೆ ಬರೆದ ಸಾಟಿರಸ್ ಹೇಳಿದ್ದಾನೆ. ಇನ್ನು ಸ್ವಲ್ಪ ದಿನ, ರಂಗಮಂದಿರಗಳು ನಿನ್ನ ಕಾಲಡಿಯಲ್ಲಿರುತ್ತವೆ ಎಂಬ ಯೂರಿಪಿಡೀಸನ ಮಾತನ್ನು ಪ್ಲುಟಾರ್ಕ್ ದಾಖಲಿಸಿದ್ದಾನೆ. ಇಬ್ಬರೂ ಮ್ಯಾಸಿಡೋನಿಯದ ಅರಸ ಆರ್ಕೆಲಾವೋಸನ ಆಶ್ರಯ ಕಂಡವರು. ತಿಮೊಥೆಯ ತೀರಿಕೊಂಡದ್ದೂ ಆ ನಾಡಿನಲ್ಲೇ. ಅವನ ಚರಮಪದ್ಯ ಅವನನ್ನು ‘ಕಿಥಾರದ ನಿಪುಣ ಸಾರಥಿ’ ಎನ್ನುತ್ತದೆ.

ಇಷ್ಟೂ ಬೇರೆಯವರ ಮಾತು. 1902ರವರೆಗೆ ತಿಮೊಥೆಯ ಚೂರುಚೂರಾಗಿ ಮಾತ್ರ ಉಳಿದಿದ್ದ. ಆ ವರ್ಷ ಫೆಬ್ರವರಿಯಲ್ಲಿ ಕೈರೋ ಬಳಿಯ ಅಬುಸೀರಿನ ಒಂದು ಗೋರಿಯಲ್ಲಿ ಜರ್ಮನಿಯ ಅಗೆತಗಾರರಿಗೆ ಪಪೈರಸ್ ಸುರುಳಿಯೊಂದು ಸಿಕ್ಕಿತು. ಲೂಡ್ವಿಗ್ ಬೋರ್ಖಾರ್ಟ್ ಅವರ ತಂಡದ ಶೋಧನೆ ಅದು. ಕ್ರಿ.ಪೂ. ನಾಲ್ಕನೆಯ ಶತಮಾನದ್ದು, ನಮಗೆ ಸಿಕ್ಕಿರುವ ಅತಿ ಹಳೆಯ ಗ್ರೀಕ್ ಪುಸ್ತಕಗಳಲ್ಲಿ ಒಂದು, ಈಗ ಬರ್ಲಿನ್‌ನಲ್ಲಿದೆ. ಅದರಲ್ಲಿದ್ದದ್ದು ಅವನ ‘ಪರ್ಷಿಯನ್ನರು’ ಎಂಬ ನೋಮೋಸ್, ಸುಮಾರು 240 ಸಾಲು. ಜರ್ಮನ್ ವಿದ್ವಾಂಸ ವಿಲಮೊವಿಟ್ಸ್ 1903ರಲ್ಲಿ ಅಚ್ಚಿಗೆ ತಂದರು. ಪದ್ಯದ ಸಾಲುಗಳನ್ನು ಒಡೆಯದೆ ಗದ್ಯದ ಹಾಗೆ ಬರೆದಿರುವ ಪ್ರತಿ, ಸ್ವರಲಿಪಿ ಇಲ್ಲ. ಸಂಗೀತಕ್ಕಾಗಿಯೇ ಹೊಗಳಿಸಿಕೊಂಡು ತೆಗಳಿಸಿಕೊಂಡವನ ಒಂದು ಸ್ವರವೂ ನಮಗೆ ಉಳಿದಿಲ್ಲ.

ಕಥಾವಸ್ತು ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದ ಕ್ರಿ.ಪೂ. 480ರ ಸಲಾಮಿಸ್ ಕಡಲ ಕಾಳಗ. ಅವನ ನುಡಿಗಟ್ಟು ಒಗಟಿನಂಥದ್ದು. ಕಡಲು ‘ಪಚ್ಚೆಗೂದಲಿನದು’. ಹಲ್ಲುಗಳು ಬಾಯಿಯ ‘ಅಮೃತಶಿಲೆಯ ಹೊಳಪಿನ ಮಕ್ಕಳು’. ಮುಳುಗುತ್ತಿರುವ ಪರ್ಷಿಯನ್ನನೊಬ್ಬ ನೀರು ಕಾರುತ್ತ ಕಡಲನ್ನೇ ಶಪಿಸುತ್ತಾನೆ. ಸೆರೆಸಿಕ್ಕ ಫ್ರಿಜಿಯದವನೊಬ್ಬ ಮುರುಕು ಗ್ರೀಕಿನಲ್ಲಿ ಜೀವಭಿಕ್ಷೆ ಬೇಡುತ್ತಾನೆ. ಆ ಮಾತನ್ನು ‘ನಾನು ನನಗೆ ನಿನಗೆ ಹೇಗೆ, ಏನು ವಿಷಯ?’ ಎಂದು ಇಟ್ಟಿದ್ದೇನೆ. ಅವನ ಬಾಯಲ್ಲಿ ನಮ್ಮ ಯಾವ ಪ್ರದೇಶದ ಕನ್ನಡವನ್ನೂ ಹಾಕಲು ಮನಸ್ಸು ಬರಲಿಲ್ಲ, ಯಾರ ತಾಯ್ನುಡಿಯೂ ಮುರುಕಲ್ಲ.

ಹಾಡಿನ ಕೊನೆಯಲ್ಲಿ ತಿಮೊಥೆಯ ತಾನೇ ಎದ್ದು ನಿಂತು ಮಾತಾಡುತ್ತಾನೆ. ಹೊಸ ಹಾಡುಗಳಿಂದ ಹಳೆಯ ಮ್ಯೂಸ್ ದೇವಿಯನ್ನು ಅವಮಾನಿಸಿದೆನೆಂದು ಸ್ಪಾರ್ಟಾದ ಜನ ನನ್ನನ್ನು ಬೆನ್ನಟ್ಟುತ್ತಾರೆ ಎನ್ನುತ್ತಾನೆ. ಎಳೆಯರಾಗಲಿ ಮುದುಕರಾಗಲಿ ನನ್ನ ಓರಗೆಯವರಾಗಲಿ, ಯಾರನ್ನೂ ನಾನು ಈ ಹಾಡುಗಳಿಂದ ದೂರವಿಡುವುದಿಲ್ಲ, ದೂರವಿಡುವುದು ಹಾಡನ್ನು ಕೆಡಿಸುವವರನ್ನು ಮಾತ್ರ. ಮೊದಲು ಪುರಾಣದ ಗಾಯಕ ಓರ್ಫಿಯಸ್, ಆಮೇಲೆ ಲೆಸ್ಬೋಸಿನ ಟೆರ್ಪಾಂಡರ್, ಈಗ ಹನ್ನೊಂದು ಮೀಟುಗಳ ಲಯದೊಡನೆ ತಿಮೊಥೆಯ. ಮುರಿಯುವವನ ಮಾತಲ್ಲ ಇದು, ವಂಶಾವಳಿ ಹೇಳಿಕೊಳ್ಳುವವನ ಮಾತು. ಇದೇ ಮನುಷ್ಯ ಇನ್ನೊಂದು ಕಡೆ ಹಳೆಯದನ್ನು ಹಾಡುವುದಿಲ್ಲ ಎಂದೂ ಸಾರಿದ್ದಾನೆ. ಎರಡೂ ನಿಜ. ನೋಮೋಸ್ ಎಂಬ ಪದದ ಎರಡು ಅರ್ಥಗಳ ನಡುವೆ ಅವನು ನಿಂತಿದ್ದ ಜಾಗ ಅದೇ.

ನನ್ನನ್ನು ನಿಲ್ಲಿಸಿದ ವಾಕ್ಯ ಮಾತ್ರ ಅವನದಲ್ಲ, ಅವನು ಸತ್ತು ಸುಮಾರು ಇನ್ನೂರು ವರ್ಷಗಳ ಮೇಲೆ ಇತಿಹಾಸಕಾರ ಪೊಲಿಬಿಯಸ್ ತನ್ನ ತಾಯ್ನಾಡಾದ ಅರ್ಕೇಡಿಯದ ಬಗ್ಗೆ ಬರೆದದ್ದು. ಅಲ್ಲಿ ಮಕ್ಕಳು ಎಳವೆಯಿಂದಲೇ ‘ನೋಮೊಯ್ ಪ್ರಕಾರ’ ತಮ್ಮ ಊರಿನ ವೀರರ, ದೇವರ ಸ್ತುತಿಗಳನ್ನು ಹಾಡಿ ರೂಢಿಸಿಕೊಳ್ಳುತ್ತಾರೆ. ಆಮೇಲೆ ಕವಿ ಫಿಲೊಕ್ಸೆನಸ್ ಮತ್ತು ತಿಮೊಥೆಯನ ‘ನೋಮೊಯ್’ ಕಲಿತು, ಪ್ರತಿವರ್ಷ ರಂಗಮಂದಿರದಲ್ಲಿ ಪೈಪೋಟಿಯಿಂದ ಕುಣಿಯುತ್ತಾರೆ. ಒಂದೇ ವಾಕ್ಯದಲ್ಲಿ ಪದ ಎರಡು ಸಲ ಬಂದಿದೆ. ಮೊದಲನೆಯದು ಕಟ್ಟಳೆ, ಎರಡನೆಯದು ಹಾಡು. ಸಂಗೀತ ಕೆಡಿಸಿದ ಎನಿಸಿಕೊಂಡವನ ಹಾಡು ನಾಡಿನ ಮಕ್ಕಳ ಪಾಠವಾಗಿದೆ. ಕ್ರಿ.ಪೂ. 205ರ ನೆಮಿಯಾ ಕ್ರೀಡೋತ್ಸವದಲ್ಲಿ ಪಿಲಾಡೀಸ್ ಎಂಬ ಗಾಯಕ ‘ಪರ್ಷಿಯನ್ನರು’ ಹಾಡಿನ ಮೊದಲ ಸಾಲನ್ನು, ಗ್ರೀಸ್ ನಾಡಿಗೆ ಸ್ವಾತಂತ್ರ್ಯದ ಹಿರಿಯ ಒಡವೆ ತೊಡಿಸಿದವನ ಸಾಲನ್ನು, ಎತ್ತಿದ ಗಳಿಗೆಗೇ ಸೇನಾಪತಿ ಫಿಲೊಪೊಯಿಮೆನ್ ತನ್ನ ಯುವಕರೊಡನೆ ಒಳಬಂದ. ಜನ ಅವನತ್ತ ತಿರುಗಿ ಚಪ್ಪಾಳೆ ತಟ್ಟಿದರು ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಅಷ್ಟು ಹೊತ್ತಿಗೆ ತಿಮೊಥೆಯನೇ ಹಳೆಯ ಸಂಗೀತವಾಗಿದ್ದ.

ಪೊಲಿಬಿಯಸನ ಆ ವಾಕ್ಯಕ್ಕೆ ನಾನು ಕೊನೆಗೆ ತಂದು ನಿಲ್ಲಿಸಿರುವ ಪದ ‘ಕಟ್ಟುಪಾಡು’. ಕಾನೂನು, ರೂಢಿ, ಮೀರಬಾರದ್ದು ಎಂಬ ಅರ್ಥ ಅದಕ್ಕೆ ಎಲ್ಲ ಸೀಮೆಗಳಲ್ಲೂ ಇದೆ. ನಾವು ಹಾಡನ್ನು ‘ಕಟ್ಟುತ್ತೇವೆ’. ಹಳಗನ್ನಡದಲ್ಲಿ ಹಾಡು ‘ಪಾಡು’. ಕಟ್ಟಿದ ಪಾಡು ಕಟ್ಟುಪಾಡು! ಇದು ವ್ಯುತ್ಪತ್ತಿ ಅಲ್ಲ ಎಂಬುದನ್ನು ನೀವು ಹೇಳುವ ಮೊದಲು ನಾನೇ ಹೇಳುತ್ತೇನೆ. ಕಟ್ಟುಪಾಡಿನ ‘ಪಾಡು’ ‘ಪಡು’ ಧಾತುವಿನಿಂದ ಬಂದದ್ದು, ‘ನನ್ನ ಪಾಡು’ ಎಂಬಲ್ಲಿನ ಪಾಡು, ಹಾಡಿನ ಪಾಡಲ್ಲ. ಆದರೆ ಪ್ಲೇಟೋ ಆಡಿದ್ದೂ ಕಿವಿಯ ಆಟವನ್ನೇ. ಕನ್ನಡದ ಕಿವಿಗೆ ಪಾಡು ಮತ್ತು ಹಾಡು ಎಂದೂ ದೂರ ಇದ್ದದ್ದಿಲ್ಲ.

ಎರಡು ಕರಡುಗಳು ಕೆಳಗಿವೆ.

ಒಂದು: ‘ಅರ್ಕೇಡಿಯದ ಮಕ್ಕಳು ಎಳವೆಯಲ್ಲೇ ಕಟ್ಟುಪಾಡಿನಂತೆ ದೇವರ ಸ್ತುತಿಗಳನ್ನು ಹಾಡುತ್ತಾರೆ, ಬೆಳೆದ ಮೇಲೆ ತಿಮೊಥೆಯನ ಕಟ್ಟುಪಾಡುಗಳನ್ನು ಕಲಿಯುತ್ತಾರೆ.’

ಎರಡು: ‘ಅರ್ಕೇಡಿಯದ ಮಕ್ಕಳು ಎಳವೆಯಲ್ಲೇ ಮಟ್ಟು ಮೀರದೆ ದೇವರ ಸ್ತುತಿಗಳನ್ನು ಹಾಡುತ್ತಾರೆ, ಬೆಳೆದ ಮೇಲೆ ತಿಮೊಥೆಯನ ಮಟ್ಟುಗಳನ್ನು ಕಲಿಯುತ್ತಾರೆ.’

ಮೊದಲನೆಯದರ ಎರಡನೆಯ ಅರ್ಧ ನನಗೆ ಇನ್ನೂ ತೊಡರುತ್ತದೆ, ‘ತಿಮೊಥೆಯನ ಕಟ್ಟುಪಾಡುಗಳು’ ಎಂದಾಗ ಹಾಡು ತಾನಾಗಿ ಕೇಳಿಸದು. ಎರಡನೆಯದು ಕಿವಿಗೆ ಇಂಪಾಗಿದೆ, ಆದರೆ ಪ್ಲೇಟೋನ ಪುಟಕ್ಕೆ ಹೋದರೆ ಕೈಕೊಡುತ್ತದೆ. ಪದ ಹೇಳುವವರು, ಭಜನೆ ಮೇಳದವರು, ಸೋಬಾನೆ ಹಾಡುವ ಹಿರಿಯರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಈ ಎರಡನ್ನೂ ಅವರ ಮುಂದೆ ಗಟ್ಟಿಯಾಗಿ ಓದಿ, ಅವರು ಏನೆಂದರು ಎಂಬುದನ್ನು ಅವರ ಮಾತಿನಲ್ಲೇ ಬರೆದು ಕಳುಹಿಸಿ. ಹಾಡಿಗೂ ಊರಿನ ಕಟ್ಟಳೆಗೂ ಒಂದೇ ಪದ ಬಳಸುವ ರೂಢಿ ನಿಮ್ಮ ಸೀಮೆಯಲ್ಲಿ ಇದ್ದರೆ, ಅದು ಬರುವ ಒಂದು ಪೂರ್ತಿ ವಾಕ್ಯದೊಡನೆ ತಿಳಿಸಿ.